ಪಾಸ್‌ವರ್ಡ್ ಬದಲಾಗದ ಶುಕ್ರವಾರ

ಕಂಪ್ಯೂಟರ್ ಅಕ್ಕ ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವಳು. ಆದರೂ ಅವಳು ನನಗೆ ಅಕ್ಕ, ನಮ್ಮ ಹೆಡ್ ವಾರ್ಡರಿಗೆ ಅಕ್ಕ, ಅವಳ ಸ್ಕೂಟರಿಗೆ ಗಾಳಿ ತುಂಬುವ ಮುದುಕನಿಗೂ ಅಕ್ಕ. ಒಂಬತ್ತು ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳು ಅವಳ ಸುಪರ್ದಿಯಲ್ಲಿವೆ. ಕೆಲಸ ಗುತ್ತಿಗೆಯದು, ಹನ್ನೊಂದು ತಿಂಗಳಿಗೊಮ್ಮೆ ಸಾಯುತ್ತದೆ, ಯಾರದೋ ಸಹಿ ಬಿದ್ದರೆ ಮತ್ತೆ ಹುಟ್ಟುತ್ತದೆ. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆಗೆ ಅವನ ಹೊಲಿಗೆ ಯಂತ್ರ, ಎದುರು ಗೋಡೆಗೆ ಇವಳು ಬಿಚ್ಚಿ ಹರಡಿದ ಕೆಟ್ಟ ಕಂಪ್ಯೂಟರುಗಳು. ಅತ್ತೆ ದಿನಾ ಸಂಜೆ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಬದುಕಿದ್ವು, ಎಷ್ಟು ಹೋದ್ವು?"

ನಾನು ಜೈಲಿನ ಗೇಟ್ ರೈಟರ್. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಯಾವ ಕಾಗದ ಎಷ್ಟು ಹೊತ್ತಿಗೆ ಕೈಸೇರಿತು ಎಂದು ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಒಳಗಿರುವವರಿಗಾದರೂ ಶಿಕ್ಷೆಗೆ ಒಂದು ಕೊನೆ ಇರುತ್ತದೆ ಎಂದು ನನ್ನ ಹೆಂಡತಿ ಗೇಲಿ ಮಾಡುತ್ತಾಳೆ.

ಅಕ್ಕ ಬಂದಳೆಂದರೆ ಮೊದಲು ಯಂತ್ರ ಮುಟ್ಟುವುದಿಲ್ಲ. ಚೀಲದಿಂದ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ ತೆಗೆದು, ಕೈಗಡಿಯಾರ ನೋಡಿ, ಸಮಯ ಬರೆದು, ಆಮೇಲೆ ಕೇಳುತ್ತಾಳೆ, "ಏನು ಬದಲಾಯಿಸಿದ್ರಿ?" ಒಂಬತ್ತು ಕಚೇರಿಗಳಿಂದಲೂ ಬರುವ ಉತ್ತರ ಒಂದೇ, "ಏನೂ ಮುಟ್ಟಿಲ್ಲ ಅಕ್ಕಾ." ಅದನ್ನೂ ಬರೆದುಕೊಳ್ಳುತ್ತಾಳೆ. ಹಿಂದೆ ಒಂದು ಕಚೇರಿಯಲ್ಲಿ ಎರಡು ವರ್ಷದ ಕಡತಗಳು ಅಳಿಸಿಹೋಗಿದ್ದವು. ಅಳಿಸಿದವನು ಅಲ್ಲಿಯ ಅಧಿಕಾರಿಯೇ, ಸಿಕ್ಕಿಬಿದ್ದವಳು ಇವಳು. ತಾನು ಬರುವ ಮೊದಲೇ ಹೋಗಿದ್ದವು ಎಂದು ಹೇಳಲು ಅವಳ ಹತ್ತಿರ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಏಳು ತಿಂಗಳು ಮನೆಯಲ್ಲಿ ಕೂತು ಗಂಡ ಹೊಲಿದ ಅಂಗಿಗಳಿಗೆ ಕಾಜ ಹಾಕಿದಳು. ಅಂದಿನಿಂದ ಈ ನೋಟ್‌ಬುಕ್: ಎಷ್ಟು ಗಂಟೆಗೆ ಏನು ಮಾಡಿದೆ, ಅದಕ್ಕೆ ಯಂತ್ರ ಏನೆಂದಿತು. ನಾವೆಲ್ಲ ಅದನ್ನು ಅವಳ ಜಾತಕ ಎಂದು ಹಾಸ್ಯ ಮಾಡುತ್ತಿದ್ದೆವು.

ಆ ಶುಕ್ರವಾರ ಮಧ್ಯಾಹ್ನದ ಚಹಾ ಇನ್ನೂ ಲೋಟದಲ್ಲಿತ್ತು, ಕೋರ್ಟಿನ ಗುಮಾಸ್ತನ ಫೋನ್ ಬಂತು. "ರೈಟ್ರೇ, ನಿಮ್ಮ ಬಡಗಿದು ಆಯ್ತು. ಹದಿನೈದು ದಿನ ಜಾಮೀನು. ಆದೇಶ ಮೇಲ್‌ನಲ್ಲಿ ಕಳಿಸಿದೀನಿ, ನೋಡ್ಕೊಳ್ಳಿ."

ಬಡಗಿ ಎಂದರೆ ಮೂರನೇ ಬ್ಯಾರಕ್ಕಿನ ವಿಚಾರಣೆ ಕೈದಿ. ಮರದ ಅಡ್ಡೆಯಲ್ಲಿ ನಡೆದ ಹೊಡೆದಾಟದ ಕೇಸು, ಹದಿನಾಲ್ಕು ತಿಂಗಳಿಂದ ಒಳಗಿದ್ದಾನೆ. ಅವನ ಆರು ವರ್ಷದ ಮಗಳಿಗೆ ಹೃದಯದಲ್ಲಿ ರಂಧ್ರ. ಶನಿವಾರ ಬೆಳಿಗ್ಗೆ ಏಳಕ್ಕೆ ಆಪರೇಷನ್, ಅದೂ ಐದು ಗಂಟೆ ಪ್ರಯಾಣದ ದೊಡ್ಡ ಊರಿನ ಆಸ್ಪತ್ರೆಯಲ್ಲಿ. ಉಳಿಯುವುದು, ಉಳಿಯದಿರುವುದು ಸಮಸಮ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಮಗು ಕೇಳಿದ್ದು ಒಂದೇ, ಅಪ್ಪ ಬರುತ್ತಾನಾ ಎಂದು. ಬಡಗಿಯ ತಮ್ಮ ಬೆಳಿಗ್ಗೆಯಿಂದ ಮೋಟಾರ್ ಸೈಕಲ್ ಸಮೇತ ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ. ಅಣ್ಣನನ್ನು ಬಸ್ ನಿಲ್ದಾಣಕ್ಕೆ ಮುಟ್ಟಿಸಬೇಕು; ಆ ಊರಿಗೆ ಕೊನೆಯ ಬಸ್ಸು ಏಳಕ್ಕೆ.

ನಮ್ಮ ನಿಯಮ ಸರಳ. ಆರು ಗಂಟೆಯೊಳಗೆ ಕೈಸೇರಿದ ಬಿಡುಗಡೆ ಆದೇಶಕ್ಕೆ ಅಂದೇ ಬಿಡುಗಡೆ. ಆರಕ್ಕೆ ಎಣಿಕೆ ಮುಚ್ಚುತ್ತದೆ, ಅಂದರೆ ಎಲ್ಲ ಕೈದಿಗಳನ್ನೂ ಎಣಿಸಿ, ಬೀಗ ಹಾಕಿ, ಸಂಖ್ಯೆಯನ್ನು ಗೇಟಿನ ಹಲಗೆಯ ಮೇಲೆ ಬರೆಯುತ್ತಾರೆ. ಆಮೇಲೆ ಬಂದ ಆದೇಶಕ್ಕೆ ಮರುದಿನ ಬೆಳಿಗ್ಗೆ ಎಂಟಕ್ಕೆ ಬಿಡುಗಡೆ. ಬೆಳಿಗ್ಗೆ ಎಂಟಕ್ಕೆ ಬಡಗಿ ಹೊರಗೆ ಬಂದರೆ ಮಗು ಆಪರೇಷನ್ ಕೋಣೆಯೊಳಗೆ ಹೋಗಿ ಒಂದು ಗಂಟೆಯಾಗಿರುತ್ತದೆ. ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ.

ನಾನು ಮೇಲ್ ತೆರೆದೆ. ಆದೇಶದ ಬದಲು ಒಂದು ಚೌಕ ಬಂತು: ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ, ಹೊಸದನ್ನು ಕೊಡಿ. ತೊಂಬತ್ತು ದಿನಕ್ಕೊಮ್ಮೆ ಬರುವ ಹರಕೆ ಇದು. ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ ಒತ್ತಿದೆ. "ಪಾಸ್‌ವರ್ಡ್ ಬದಲಾಯಿಸಲು ಆಗಲಿಲ್ಲ" ಎಂದಿತು. ಯಾಕೆ ಆಗಲಿಲ್ಲ ಎಂದು ಹೇಳಲಿಲ್ಲ. ಕೆಲವು ಅಧಿಕಾರಿಗಳ ಹಾಗೆ. ಮತ್ತೊಮ್ಮೆ ಒತ್ತಿದೆ. ಮತ್ತದೇ. ಐದು ಸಲ ತಪ್ಪಿದರೆ ಇಡೀ ಖಾತೆಗೆ ಒಂದು ದಿನ ಬೀಗ ಬೀಳುತ್ತದೆ ಎಂದು ಅಕ್ಕ ಹೇಳಿದ್ದು ಆಗ ನೆನಪಾಯಿತು.

ಬೇರೆ ದಾರಿ ಇರಲಿಲ್ಲ. ಕೋರ್ಟು ಇರುವುದು ಅರವತ್ತು ಕಿಲೋಮೀಟರ್ ಆಚೆ. ಅವರು ಆದೇಶ ಕಳಿಸುವುದು ಜೈಲಿನ ಅಧಿಕೃತ ವಿಳಾಸಕ್ಕೆ ಮಾತ್ರ. ಎರಡು ವರ್ಷದ ಹಿಂದೆ ಯಾವನೋ ಕೋರ್ಟಿನ ಗುಮಾಸ್ತನ ದನಿಯಲ್ಲಿ ಫೋನ್ ಮಾಡಿ ಒಬ್ಬ ಕಳ್ಳನನ್ನು ಬಿಡಿಸಿಕೊಂಡು ಹೋದಮೇಲೆ, ಫೋನಿನ ಮಾತಿಗೆ ಇಲ್ಲಿ ಬೆಲೆ ಇಲ್ಲ. ಮೊಬೈಲುಗಳು ನಮ್ಮ ಸೂಪರಿಂಟೆಂಡೆಂಟ್ ಸಾಹೇಬರದೂ ಸೇರಿ ಗೇಟಿನ ಲಾಕರಿನಲ್ಲಿ. ಮೇಲ್ ಇರುವ ಕಂಪ್ಯೂಟರ್ ನನ್ನ ಕೋಣೆಯದೊಂದೇ. ಕೇಂದ್ರ ಕಚೇರಿಯ ಸಹಾಯವಾಣಿಗೆ ಕರೆ ಮಾಡಿದೆ. ಹತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಒಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು, "ಲಿಖಿತ ಮನವಿ ಕಳಿಸಿ ಸಾರ್, ಒಂದು ಕೆಲಸದ ದಿನದಲ್ಲಿ ಆಗುತ್ತೆ." ಮುಂದಿನ ಕೆಲಸದ ದಿನ ಸೋಮವಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಒಪ್ಪಿದ್ದ. ಗುಡಿಯ ಬಾಗಿಲು ತೆರೆಯುತ್ತಿರಲಿಲ್ಲ.

ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಬಂದಾಗ ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಹೆಲ್ಮೆಟ್ ತೆಗೆಯುವ ಮೊದಲೇ ನಾನು ಬಡಗಿಯ ಕತೆಯನ್ನೆಲ್ಲ ಸುರಿದೆ. ಅವಳು ಕೇಳಿಸಿಕೊಂಡಳು. ನೋಟ್‌ಬುಕ್ ತೆಗೆದು, ಸಮಯ ಬರೆದಳು.

"ಏನು ಬದಲಾಯಿಸಿದ್ರಿ ರೈಟ್ರೇ?"

"ಏನೂ ಮುಟ್ಟಿಲ್ಲ ಅಕ್ಕಾ."

"ಎಷ್ಟು ಸಲ ಒತ್ತಿದ್ರಿ?"

"ಎರಡು."

"ಸರಿಯಾಗಿ ಹೇಳಿ. ಎರಡಾ, ಮೂರಾ?"

"ಮಗಳಾಣೆ ಎರಡೇ."

"ಆಣೆ ಗೀಣೆ ಬೇಡ. ಮೂರು ಉಳಿದಿದೆ. ಇನ್ಮೇಲೆ ಕೀಲಿಮಣೆ ಮುಟ್ಟಬೇಡಿ."

ಅವಳು ಕೆಲಸ ಮಾಡುವುದನ್ನು ನೋಡುತ್ತಾ ನಿಲ್ಲುವುದು ಕಷ್ಟ. ಅವಸರವೇ ಇಲ್ಲ. ದೊಡ್ಡಕ್ಷರದ ಕೀಲಿ ಒತ್ತಿಕೊಂಡಿಲ್ಲ ತಾನೇ ಎಂದು ನೋಡಿದಳು. ಕೀಲಿಮಣೆಯ ಭಾಷೆ ನೋಡಿದಳು. ಹೊಸ ಪಾಸ್‌ವರ್ಡನ್ನು ಒಂದು ಖಾಲಿ ಪುಟದಲ್ಲಿ ಬರೆಸಿ, ಕಣ್ಣಿಗೆ ಕಾಣುವಂತೆ ಅಕ್ಷರ ಎಣಿಸಿ, ಅಳಿಸಿದಳು. ಮೇಜಿನಡಿ ಬಗ್ಗಿ ತಂತಿ ಎಳೆದು ನೋಡಿದಳು. ಕೀಲಿಮಣೆಯಿಂದಲೇ ದೂರದ ಸರ್ವರನ್ನು ಕೂಗಿ ಕರೆದಳು, ಅದು ಓಗೊಟ್ಟಿತು. "ದಾರಿ ಸರಿಯಾಗಿದೆ" ಎಂದು ಬರೆದಳು. ಆಮೇಲೆ ಮೂರನೇ ಸಲ ಒತ್ತಿದಳು.

ಆಗಲಿಲ್ಲ.

"ಹಳೇ ಪಾಸ್‌ವರ್ಡನ್ನ ಈ ಮೇಲ್ ಪ್ರೋಗ್ರಾಮು ಎಲ್ಲೋ ಬಚ್ಚಿಟ್ಕೊಂಡಿರುತ್ತೆ. ನಾವು ಹೊಸದು ಅಂದ್ರೆ ಅದು ಹಳೇದನ್ನೇ ಮುಂದೆ ಹಿಡೀತಿದೆಯೋ ಏನೋ" ಎಂದಳು.

"ಎತ್ತು ಏರಿಗೆ, ಕೋಣ ನೀರಿಗೆ ಅನ್ನಿ."

"ಹೂಂ. ಕೋಣನ ಹಗ್ಗ ಬಿಚ್ಚೋಣ."

ಬಚ್ಚಿಟ್ಟದ್ದನ್ನು ಹುಡುಕಿ ಅಳಿಸಿದಳು. ಪ್ರೋಗ್ರಾಮು ಮುಚ್ಚಿ ತೆರೆದಳು. ಹಳೆಯದನ್ನು ಕೇಳಿತು, ಕೊಟ್ಟಳು. ಹೊಸದನ್ನು ಕೇಳಿತು, ಕೊಟ್ಟಳು. ಪರದೆಯ ಮೇಲೆ ಅದೇ ಸಾಲು ಬಂತು. ಅಷ್ಟೇ ಅಲ್ಲ, ಅದುವರೆಗೆ ಕಾಣುತ್ತಿದ್ದ ಹಳೆಯ ಪತ್ರಗಳೂ ಮಾಯವಾದವು. ಎಡಗಡೆ ಬರೀ ಬಿಳಿ. ಕೈಗೆ ಬಂದ ತುತ್ತು ಬಾಯಿಗಿಲ್ಲ ಎಂಬುದು ಹೋಗಲಿ, ಈಗ ತಟ್ಟೆಯೇ ಇರಲಿಲ್ಲ.

"ಅಕ್ಕಾ, ಏನಾಯ್ತು?"

"ತಪ್ಪು ಮಾಡಿದೆ" ಎಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಒಂದೇ ಉಳೀತು."

ಐದೂವರೆಗೆ ಎಣಿಕೆಯ ಗಂಟೆ ಹೊಡೆಯಿತು. ಬ್ಯಾರಕ್ಕುಗಳಿಂದ ಹೆಡ್ ವಾರ್ಡರನ ಕೂಗು ಶುರುವಾಯಿತು, ಒಂದು, ಎರಡು, ಮೂರು. ಆ ದನಿಯಲ್ಲಿ ಅವನು ತನ್ನ ಹೆಂಡತಿಯನ್ನು ಕರೆದರೂ ಆಕೆ ಸಾಲಿನಲ್ಲಿ ನಿಲ್ಲುತ್ತಾಳೆ. ಒಳಗೇಟಿನ ಸರಳುಗಳಾಚೆ ಬಡಗಿ ಕಾಣುತ್ತಿದ್ದ. ಗಂಟು ಕಟ್ಟಿ ಎದೆಗೆ ಒತ್ತಿಕೊಂಡಿದ್ದ. ಈಚೆ ಕಿಟಕಿಯಲ್ಲಿ ಅವನ ತಮ್ಮನ ಮುಖ. ಇಬ್ಬರೂ ಏನೂ ಕೇಳುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸಾಹೇಬರು ಬಂದರು. ಬಂದು ಮೂರು ತಿಂಗಳಾದ ಹೊಸಬರು, ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. "ಏನಮ್ಮಾ, ಇನ್ನೂ ಎಷ್ಟು ಹೊತ್ತು? ಸುಮ್ಮನೆ ಕೂತಿದೀರಲ್ಲ?"

ಅಕ್ಕ ನಿಜವಾಗಿಯೂ ಸುಮ್ಮನೆ ಕೂತಿದ್ದಳು, ಎರಡೂ ಕೈ ತೊಡೆಯ ಮೇಲಿಟ್ಟು. "ಒಂದೇ ಸಲ ಉಳಿದಿದೆ ಸಾರ್. ಕಾರಣ ಗೊತ್ತಾಗದೆ ಒತ್ತಲ್ಲ."

"ಒತ್ತದೆ ಇದ್ರೆ ತಾನೇ ಬರುತ್ತಾ?"

"ಒತ್ತಿ ಬೀಗ ಬಿದ್ರೆ ಇವತ್ತೂ ಇಲ್ಲ, ನಾಳೆ ಬೆಳಿಗ್ಗೆನೂ ಇಲ್ಲ."

ಸಾಹೇಬರು ಬಾಗಿಲಲ್ಲೇ ನಿಂತರು. ನನಗೆ ಅವಳ ಮೇಲೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ಅವಳನ್ನು ಎಬ್ಬಿಸಿ ನಾನೇ ಒತ್ತಿಬಿಡೋಣ ಎನ್ನಿಸಿತ್ತು. ಗಡಿಯಾರದ ಮುಳ್ಳು ಸರಿಯುತ್ತಿದ್ದರೆ ಕೈಕಟ್ಟಿ ಕೂರುವುದು ಎಂಥ ವಿದ್ಯೆ!

ಅವಳು ಕಂಪ್ಯೂಟರಿನ ಒಳಗೆಲ್ಲೋ ಹೋಗಿ ಒಂದು ಪಟ್ಟಿ ತೆಗೆದಳು. ಯಂತ್ರವೂ ತನ್ನದೊಂದು ದಿನಚರಿ ಬರೆದುಕೊಳ್ಳುತ್ತದಂತೆ, ಯಾವ ಕೆಲಸ ಎಷ್ಟು ಗಂಟೆಗೆ ಸೋತಿತು ಎಂದು. ಪಕ್ಕದಲ್ಲಿ ನೋಟ್‌ಬುಕ್ ಇಟ್ಟಳು. ಬೆರಳು ಪರದೆಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಪರದೆಗೆ ಓಡಾಡಿತು. ಮೂರನೇ ಸಲ ಒತ್ತಿದ್ದು ನೋಟ್‌ಬುಕ್ಕಿನಲ್ಲಿ 4.58. ಯಂತ್ರದ ಪಟ್ಟಿಯಲ್ಲಿ 5.08. ನಾಲ್ಕನೆಯದು 5.14, ಪಟ್ಟಿಯಲ್ಲಿ 5.24.

ಮಣಿಕಟ್ಟು ಎತ್ತಿ ಕೈಗಡಿಯಾರ ನೋಡಿದಳು. ತಿರುಗಿ ಗೋಡೆ ನೋಡಿದಳು.

"ರೈಟ್ರೇ, ಈ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆಯಲ್ಲ?"

"ಇಲ್ಲ, ಸರಿಯಾಗೇ ಇದೆ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಆಗಲೇ ಹೆಗಲ ಮೇಲಿತ್ತು.

ಸಂಗತಿ ಹೀಗೆ. ಹತ್ತೊಂಬತ್ತು ವರ್ಷದ ಹಿಂದೆ ಇದ್ದ ಒಬ್ಬ ಸಾಹೇಬರು, ವಾರ್ಡರುಗಳು ಎಣಿಕೆಗೆ ತಡವಾಗಿ ಬರುತ್ತಾರೆಂದು ಜೈಲಿನ ಗಡಿಯಾರಗಳನ್ನೆಲ್ಲ ಹತ್ತು ನಿಮಿಷ ಮುಂದಿಡಿಸಿದರು. ಸಾಹೇಬರಿಗೆ ವರ್ಗವಾಯಿತು, ಗಡಿಯಾರಕ್ಕೆ ಆಗಲಿಲ್ಲ. ಹೊಸ ವಾರ್ಡರುಗಳು ಬಂದು ತಮ್ಮ ವಾಚನ್ನು ಅದಕ್ಕೇ ಹೊಂದಿಸಿಕೊಂಡರು. ಹಳಬರಾದ ನಮಗೂ ಕ್ರಮೇಣ ಅದೇ ಸಮಯವಾಯಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ. ಕಳೆದ ಸೋಮವಾರ ಈಗಿನ ಸಾಹೇಬರು ನನ್ನನ್ನು ಕರೆದು ಗದರಿಸಿದ್ದರು, ಒಂದೇ ಕಾಗದಕ್ಕೆ ರಿಜಿಸ್ಟರಿನಲ್ಲಿ 11.20, ಕಂಪ್ಯೂಟರಿನ ಪ್ರತಿಯಲ್ಲಿ 11.10, ಇದೇನು ಬೇಜವಾಬ್ದಾರಿ ಎಂದು. ಹಳೆಯ ಕತೆಯನ್ನೆಲ್ಲ ಬಿಚ್ಚುವುದಕ್ಕಿಂತ ಕಂಪ್ಯೂಟರಿನ ಗಡಿಯಾರವನ್ನೇ ಗೋಡೆಗೆ ಹೊಂದಿಸುವುದು ಸುಲಭವೆನಿಸಿತು. ಪ್ರಿಂಟರ್ ಕೆಟ್ಟಾಗ ಸರಿಮಾಡಿಕೊಳ್ಳಲೆಂದು ಯಂತ್ರದ ಒಳಗೆ ಕೈಹಾಕುವ ಅಧಿಕಾರವನ್ನು ಅಕ್ಕ ನನಗೆ ಕೊಟ್ಟಿದ್ದಳು, ತಿರುಗಿಸಿದೆ. ಅದು ಮತ್ತೆ ಮತ್ತೆ ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಹುಡುಕಿ, ಸಮಯವನ್ನು ತಾನೇ ಸರಿಪಡಿಸಿಕೊಳ್ಳುವ ಗುರುತು ತೆಗೆದುಹಾಕಿದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ.

ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ, "ಸೋಮವಾರ ನಾನೇ ತಿರುಗಿಸಿದೆ ಅಕ್ಕಾ. ಗಡಿಯಾರ ತಾನೇ, ಅದು ಲೆಕ್ಕಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ಲ. ಸೋಮವಾರದಿಂದ ಮೇಲ್ ಬರ್ತಾನೇ ಇತ್ತಲ್ಲ?"

ಬೈಯುತ್ತಾಳೆಂದು ಕಾದೆ. ಅವಳ ಮುಖ ಅರಳಿತು. "ದಿನಾ ಬಂದು ಹೋಗೋರನ್ನ ಕಾವಲುಗಾರ ಮುಖ ನೋಡಿ ಬಿಡ್ತಾನೆ. ಬೀಗಾನೇ ಬದಲಾಯಿಸ್ತೀನಿ ಅಂದ್ರೆ ಚೀಟಿ ಕೇಳ್ತಾನೆ. ಆ ಚೀಟಿ ಮೇಲೆ ಸಮಯ ಇರುತ್ತೆ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ರೆ, ಇದು ಸುಳ್ಳು ಚೀಟಿ ಅಂತ ಹರಿದು ಹಾಕ್ತಾನೆ."

ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ಸರಿಸಿದಳು. ನಾನು ತೆಗೆದಿದ್ದ ಗುರುತನ್ನು ಮತ್ತೆ ಹಾಕಿದಳು. ಬರೆದಳು. ಗೋಡೆಯ ಮೇಲೆ ಆರಕ್ಕೆ ಹನ್ನೊಂದು ನಿಮಿಷ ಇತ್ತು. ಒಳಗಿನಿಂದ ಕೂಗು ನೂರ ಎಂಬತ್ತು ದಾಟಿತ್ತು; ನಮ್ಮಲ್ಲಿರುವುದು ಇನ್ನೂರ ಹನ್ನೆರಡು ಜನ. ಅಕ್ಕ ಹಳೆಯದನ್ನು ಒತ್ತಿದಳು. ಹೊಸದನ್ನು ಒತ್ತಿದಳು. ಮತ್ತೊಮ್ಮೆ ಹೊಸದನ್ನು. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಒಂದು ಉಸಿರು ತಡೆದಳು.

ಒತ್ತಿದಳು. ಚೌಕ ಕಾಣೆಯಾಯಿತು. ಏನೂ ಬರಲಿಲ್ಲ. ಆಮೇಲೆ ಎಡಗಡೆಯ ಬಿಳಿಯ ಮೇಲೆ ಒಂದು ಪತ್ರ ಬಂತು. ಎರಡು ಬಂತು.

"ಬಂತು! ಬಂತು ಅಕ್ಕಾ!"

"ಕುಣೀಬೇಡಿ. ಎಲ್ಲಾನೂ ಮೊದಲಿಂದ ಇಳಿಸ್ಕೊಳ್ತಿದೆ. ಹಳೇದು ಮೊದಲು. ನಾನೇ ಅಳಿಸಿದ್ದು ಅಲ್ವಾ."

ಮೂರು ತಿಂಗಳ ಕಸವೆಲ್ಲ ಒಂದೊಂದಾಗಿ ಇಳಿಯಿತು: ಪೊರಕೆ ಖರೀದಿಯ ಸುತ್ತೋಲೆ, ಯಾರದೋ ನಿವೃತ್ತಿಯ ಸಮಾರಂಭ, ನೀರು ಮಿತವಾಗಿ ಬಳಸಿ ಎಂಬ ಬುದ್ಧಿವಾದ, ಅದೇ ಬುದ್ಧಿವಾದ ಇನ್ನೊಮ್ಮೆ. ಒಂದೊಂದಕ್ಕೂ ನಾನು ಮನಸ್ಸಿನಲ್ಲೇ ಶಾಪ ಹಾಕಿದೆ. ಹೊರಗೆ ಗಂಟೆ ಹೊಡೆಯಿತು. ಗೋಡೆಯ ಮೇಲೆ ಆರು. ಹೆಡ್ ವಾರ್ಡರ್ ಬಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 212 ಎಂದು ಬರೆದ, ಬೀಗದ ಕೈಗೊಂಚಲನ್ನು ಸಾಹೇಬರ ಮುಂದೆ ನನ್ನ ಮೇಜಿನ ಮೇಲಿಟ್ಟ. ಸರಳಿನ ಹಿಂದೆ ಬಡಗಿ ಇರಲಿಲ್ಲ. ಅವನನ್ನೂ ಎಣಿಸಿ ಒಳಗೆ ಹಾಕಿದ್ದರು.

ಕೋರ್ಟಿನ ಪತ್ರ ಬಂದಿದ್ದು ಅದಾದ ಮೇಲೆ. ಪ್ರಿಂಟರ್ ಕೆಮ್ಮಿ ಕೆಮ್ಮಿ ಒಂದು ಹಾಳೆ ಉಗುಳಿತು. ಸಾಹೇಬರು ಅದನ್ನು ಓದಿದರು, ಗೋಡೆ ನೋಡಿದರು, ನಿಟ್ಟುಸಿರು ಬಿಟ್ಟರು.

"ಆರು ಗಂಟೆ ಎರಡು ನಿಮಿಷ. ಪಾಪ. ರೈಟ್ರೇ, ತಡವಾದ ಆದೇಶಗಳ ಪುಸ್ತಕದಲ್ಲಿ ಬರೀರಿ. ಬೆಳಿಗ್ಗೆ ಎಂಟಕ್ಕೆ."

ನಾನು ಪುಸ್ತಕ ತೆಗೆದೆ. ಕೈದಿಯ ಸಂಖ್ಯೆ ಬರೆದೆ. 6.02 ಎಂದು ಬರೆದೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ತಾನಾಗಿ ಬರೆಯುತ್ತದೆ.

"ಆರು ಆಗಿಲ್ಲ ಸಾರ್" ಎಂದಳು ಅಕ್ಕ. "ಐದು ಐವತ್ತೆರಡು. ಕಂಪ್ಯೂಟರ್ ನೋಡಿ."

ಸಾಹೇಬರ ಹುಬ್ಬು ಮೇಲೇರಿತು. "ಆ ಗಡಿಯಾರಾನ ಈಗ ತಾನೇ ನೀವು ಹಿಂದಕ್ಕೆ ತಿರುಗಿಸಿದ್ದು ನನ್ನ ಕಣ್ಣಾರೆ ನೋಡಿದೆ. ಹತ್ತು ನಿಮಿಷ ಕಳೆದುಬಿಟ್ಟು, ಆರಕ್ಕೆ ಮುಂಚೆ ಬಂತು ಅಂತೀರಾ? ಕನಿಕರ ನನಗೂ ಇದೆಯಮ್ಮಾ. ಆದ್ರೆ ಇದು ಮೋಸ."

ಅಕ್ಕನ ಕಿವಿ ಕೆಂಪಾಯಿತು. ಹಳೆಯ ಕಚೇರಿ, ಅಳಿಸಿಹೋದ ಕಡತಗಳು, ಏಳು ತಿಂಗಳ ಕಾಜ, ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಮುಂದಿನ ತಿಂಗಳು ಅವಳ ಗುತ್ತಿಗೆ ಮುಗಿಯುವುದಿತ್ತು. ಸಹಿ ಹಾಕಬೇಕಾದವರಲ್ಲಿ ಈ ಸಾಹೇಬರೂ ಒಬ್ಬರು. ನನ್ನತ್ತ ಬೆರಳು ತೋರಿಸಿದ್ದರೆ ಅವಳು ಪಾರಾಗುತ್ತಿದ್ದಳು. ತೋರಿಸಲಿಲ್ಲ. ನೋಟ್‌ಬುಕ್ಕನ್ನು ಅವರ ಮುಂದೆ ತಳ್ಳಿ, "ನಾನು ಏನೇನು ಮಾಡಿದೆ ಅಂತ ಇದರಲ್ಲಿದೆ ಸಾರ್. ಓದಿ" ಎಂದಳು, ಅಷ್ಟೇ.

ನನಗೆ ನಿವೃತ್ತಿಗೆ ಮೂರು ವರ್ಷ ಉಳಿದಿದೆ. ಸರ್ಕಾರಿ ಯಂತ್ರ ಕೆಡಿಸಿದವನಿಗೆ ಏನಾಗುತ್ತದೆಂದು ಗೊತ್ತು. ಕಿಟಕಿಯಲ್ಲಿ ಆ ತಮ್ಮನ ಮುಖ ಇರದೇ ಇದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆ ಎಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ.

"ಸಾರ್, ಸೋಮವಾರ ನೀವು ಬೈದ್ರಲ್ಲ, ಅವತ್ತು ನಾನೇ ಅದನ್ನ ಮುಂದಕ್ಕೆ ಹಾಕಿದ್ದು. ಅಕ್ಕ ವಾಪಸ್ ಸರಿ ಮಾಡಿದ್ದು ಅಷ್ಟೇ. ತಪ್ಪಿರೋದು ಗೋಡೆದು ಸಾರ್. ನೀವು ಬರೋಕೆ ಎಷ್ಟೋ ವರ್ಷ ಮುಂಚಿಂದ ತಪ್ಪಿದೆ."

ಸಾಹೇಬರು ನನ್ನನ್ನು ನೋಡಿದ ನೋಟ ಹೇಳುವುದಿಲ್ಲ. ಹೆಡ್ ವಾರ್ಡರ್ ತನ್ನ ವಾಚು ನೋಡಿಕೊಂಡು, ಗೋಡೆ ನೋಡಿ, "ನಂದೂ ಅದಕ್ಕೇ ಇಟ್ಟಿದ್ದು" ಎಂದು ಗೊಣಗಿದ. ಸಾಹೇಬರು ಫೋನ್ ಎತ್ತಿ ಕೋರ್ಟಿಗೆ ಹಚ್ಚಿದರು. ಗುಮಾಸ್ತ ಆಗಲೇ ಬಾಗಿಲು ಹಾಕುತ್ತಿದ್ದನಂತೆ.

"ಜೈಲಿನಿಂದ ಮಾತಾಡ್ತಿದೀನಿ. ನಿಮ್ಮಲ್ಲಿ ಈಗ ಗಂಟೆ ಎಷ್ಟು?"

ಗುಮಾಸ್ತನ ದನಿ ನಮಗೂ ಕೇಳಿಸಿತು, "ಟೈಮ್ ಕೇಳೋಕೆ ಫೋನ್ ಮಾಡಿದ್ರಾ ಸಾರ್?"

"ಹೇಳ್ರೀ!"

"ಐದು ಐವತ್ತಾರು ಸಾರ್."

ಸಾಹೇಬರು ಫೋನ್ ಇಟ್ಟರು. ಮೇಜಿನ ಮೇಲಿದ್ದ ಕೈಗೊಂಚಲು ಎತ್ತಿ ಹೆಡ್ ವಾರ್ಡರನ ಕೈಗೆ ಕೊಟ್ಟರು. "ಕರ್ಕೊಂಡು ಬಾ. ಓಡು."

ಹಲಗೆಯ ಮೇಲಿನ 212 ಅನ್ನು ಅಳಿಸಿ 211 ಎಂದು ನಾನೇ ಬರೆದೆ. ಬಡಗಿ ಬಂದ, ಹೆಬ್ಬೆರಳು ಒತ್ತಿದ, ಗೇಟಿನ ಚಿಕ್ಕ ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಗೆ ಹೋದ. ನಮಗೆ ಕೈ ಮುಗಿಯಲೂ ಅವನಿಗೆ ಪುರುಸೊತ್ತಿರಲಿಲ್ಲ; ಒಳ್ಳೆಯದೇ ಆಯಿತು. ಮೋಟಾರ್ ಸೈಕಲ್ಲಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು. ಅಕ್ಕ ಕುರ್ಚಿಯಲ್ಲಿ ಕೂತೇ ಇದ್ದಳು. ನೀರು ಕೇಳಿ, ಒಂದು ಚೊಂಬು ಪೂರ್ತಿ ಕುಡಿದಳು. ಆಮೇಲೆ ತನ್ನ ಜಾತಕಕ್ಕೆ ಕೊನೆಯ ಸಾಲು ಬರೆದು ಮುಚ್ಚಿದಳು.

ಶನಿವಾರ ಮಧ್ಯಾಹ್ನ ಅವಳು ಇನ್ನುಳಿದ ಯಂತ್ರಗಳನ್ನು ನೋಡಲು ಬಂದಿದ್ದಾಗ ಬಡಗಿಯ ತಮ್ಮನ ಫೋನ್ ಬಂತು. ಬಡಗಿ ಆಸ್ಪತ್ರೆ ಸೇರಿದಾಗ ಮಗು ಮಲಗಿತ್ತಂತೆ. ಬೆಳಿಗ್ಗೆ ಎದ್ದು ಅಪ್ಪನನ್ನು ನೋಡಿ, ಗಡ್ಡ ಯಾಕೆ ಬಿಟ್ಟಿದೀಯಾ ಎಂದು ಜಗಳ ತೆಗೆಯಿತಂತೆ. ಆಪರೇಷನ್ ಕೋಣೆಯ ಬಾಗಿಲವರೆಗೂ ಅವನ ಬೆರಳು ಬಿಡಲಿಲ್ಲ. ಈಗ ಹೊರಗೆ ತಂದಿದ್ದಾರೆ, ಉಸಿರು ಚೆನ್ನಾಗಿದೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಮೂಗು ಒರೆಸಿಕೊಂಡೆ. ಹೆಡ್ ವಾರ್ಡರ್ ಹೊರಗೆ ಹೋಗಿ ಯಾರ ಮೇಲೋ ಸುಮ್ಮನೆ ಕೂಗಾಡಿದ.

ಗೋಡೆ ಗಡಿಯಾರವನ್ನು ಸಾಹೇಬರು ಬೆಳಿಗ್ಗೆಯೇ ಇಳಿಸಿ ಸರಿ ಮಾಡಿಸಿದ್ದರು. ನನಗೆ ಒಂದು ನೋಟೀಸು ಕೊಟ್ಟರು, ಅದು ನ್ಯಾಯವೇ. ಜೊತೆಗೆ ಒಂದು ಕೆಲಸ ಹೇಳಿದರು, "ಈ ಹತ್ತು ನಿಮಿಷದಿಂದ ಇನ್ನೇನೇನು ತಪ್ಪಿದೆ ಅಂತ ನೋಡಿ, ಬರೆದು ಕೊಡಿ."

ತಡವಾದ ಆದೇಶಗಳ ಪುಸ್ತಕ ತೆಗೆದೆ. ಬಡಗಿಯ ಸಾಲಿಗೆ ಅಡ್ಡಗೆರೆ ಎಳೆದೆ. ಅದರ ಮೇಲಿನ ಸಾಲು 6.25, ಅದು ನಿಜವಾಗಿಯೂ ತಡ. ಹಿಂದಿನ ಪುಟದಲ್ಲಿ 6.04. ಅದರ ಹಿಂದೆ 6.07, 6.01. ಹಳೆಯ ಪುಸ್ತಕಗಳನ್ನೂ ಕಪಾಟಿನಿಂದ ಇಳಿಸಿದೆ. ಆರರಿಂದ ಆರೂಹತ್ತರ ನಡುವೆ ಬಂದವು ಹದಿನೇಳು. ಎಲ್ಲವೂ ನಾನು ಬರೆದದ್ದು. ಎಲ್ಲದರ ಮುಂದೂ ಅದೇ ಮಾತು: ಮರುದಿನ ಬೆಳಿಗ್ಗೆ ಬಿಡುಗಡೆ.

ಅಕ್ಕ ಬಂದು ನನ್ನ ಪಕ್ಕ ನಿಂತದ್ದು ಗೊತ್ತಾಗಲಿಲ್ಲ. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. 6.05. ಕಾರಣ: ತಾಯಿಯ ಅಂತ್ಯಕ್ರಿಯೆ.

"ಇದು ಯಾರು ತಂದಿದ್ದು, ನೆನಪಿದೆಯಾ?"

ನೆನಪಿತ್ತು. ಮೇಲ್ ಬರುವ ಮೊದಲಿನ ಕಾಲ, ಆದೇಶಗಳು ಕೈಯಲ್ಲೇ ಬರುತ್ತಿದ್ದವು. ಕೈದಿಯ ತಂಗಿ ತಂದಿದ್ದಳು. ಬಸ್ಸಿಳಿದು ಓಡಿಬಂದವಳು, ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಬಿಟ್ಟುಬಂದಿದ್ದಳು. ನಾನು ಮಾತೂ ಆಡಲಿಲ್ಲ. ಪೆನ್ನಿನ ತುದಿಯಿಂದ ಗೋಡೆಯ ಗಡಿಯಾರ ತೋರಿಸಿದೆ. ಅವಳು ಜಗಳ ಮಾಡಲಿಲ್ಲ. ಗಡಿಯಾರ ನೋಡಿದಳು, ನನಗೆ ಕೈ ಮುಗಿದಳು. "ತಪ್ಪು ನಂದೇ ಅಣ್ಣ, ಐದು ನಿಮಿಷ ತಡ ಮಾಡಿಬಿಟ್ಟೆ" ಎಂದಿದ್ದಳು.